ಹೆಡ್ ಎಲ್ಲಿದೆ ನೋಡಿ, ಆಮೇಲೆ ಇಂಕ್ ಖರೀದಿಸಿ

ಶಿವಮೊಗ್ಗದ ನೆಹರು ರಸ್ತೆಯಲ್ಲೋ ದುರ್ಗಿಗುಡಿಯಲ್ಲೋ ಕಾರ್ಟ್ರಿಜ್ ಕೇಳಿದರೆ ಅಂಗಡಿಯವರ ಮೊದಲ ಪ್ರಶ್ನೆ, ‘ಒರಿಜಿನಲ್ ಬೇಕಾ, ಕಂಪಾಟಿಬಲ್ ಸಾಕಾ?’ ಎರಡರ ಬೆಲೆ ಕೇಳಿದ ಮೇಲೆ ಕಂಪಾಟಿಬಲ್ಲೇ ಸಾಕು ಅನ್ನಿಸುವುದು ಸಹಜ. ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯವರಿಗೆ ಇನ್ನೊಂದು ಲೆಕ್ಕವೂ ಇರುತ್ತದೆ: ಹಾಕಿದ್ದು ಕೈಕೊಟ್ಟರೆ ಪ್ರಿಂಟರ್ ಹೊತ್ತುಕೊಂಡು ಮತ್ತೆ ಶಿವಮೊಗ್ಗಕ್ಕೇ ಬರಬೇಕಾಗಬಹುದು.

ಬೇರೆ ಕಂಪನಿಯ ಇಂಕ್ ಹಾಕಬಹುದಾ ಎಂಬುದಕ್ಕೆ ಎಲ್ಲ ಪ್ರಿಂಟರಿಗೂ ಒಂದೇ ಉತ್ತರವಿಲ್ಲ. ಶಾಯಿ ಚಿಮ್ಮಿಸುವ ಹೆಡ್ ಕಾರ್ಟ್ರಿಜ್‌ನಲ್ಲೇ ಇದ್ದರೆ ಧೈರ್ಯವಾಗಿ ಹಾಕಿ. ಹೆಡ್ ಪ್ರಿಂಟರಿನ ಹೊಟ್ಟೆಯೊಳಗಿದ್ದರೆ ಕೈ ತಡೆಯಿರಿ.

ಮೊದಲು ಪ್ರಿಂಟರ್ ಗುರುತಿಸಿ

ಮುಚ್ಚಳ ತೆರೆದು ಕಾರ್ಟ್ರಿಜ್ ಹೊರಗೆ ತೆಗೆಯಿರಿ. ಅದರ ಬೆನ್ನಿಗೆ ತಾಮ್ರದ ಬಣ್ಣದ ಚುಕ್ಕಿಗಳ ಪಟ್ಟಿ, ಅಡಿಯಲ್ಲಿ ಉಗುರಿನಗಲದ ಹೊಳೆಯುವ ತಗಡು ಕಂಡರೆ ಹೆಡ್ ಅದರಲ್ಲೇ ಇದೆ. ಎಚ್‌ಪಿಯ 680, 682, 803, 805, ಕ್ಯಾನನ್‌ನ ಪಿಜಿ 745, ಸಿಎಲ್ 746 ಈ ಗುಂಪಿನವು. ಆ ತಗಡಿನಲ್ಲಿ ಬರಿಗಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳ ಸಾಲಿದೆ, ಒಂದೊಂದು ರಂಧ್ರಕ್ಕೂ ಒಂದು ಪುಟ್ಟ ಹೀಟರ್ ಇದೆ. ಹೀಟರ್ ಶಾಯಿಯನ್ನು ಕ್ಷಣದಲ್ಲಿ ಕುದಿಸಿ ಗುಳ್ಳೆ ಎಬ್ಬಿಸುತ್ತದೆ, ಗುಳ್ಳೆ ಹನಿಯನ್ನು ಪೇಪರಿನ ಮೇಲೆ ನೂಕುತ್ತದೆ. ಕಳಪೆ ಇಂಕಿನಿಂದ ರಂಧ್ರ ಕಟ್ಟಿಕೊಂಡರೂ ಹೋಗುವುದು ಒಂದು ಕಾರ್ಟ್ರಿಜ್ ಅಷ್ಟೇ. ಹೊಸದು ಹಾಕಿದರೆ ಹೆಡ್ಡೂ ಹೊಸದಾಯಿತು.

ಪಕ್ಕದಲ್ಲಿ ನಾಲ್ಕು ಬಣ್ಣದ ಟ್ಯಾಂಕ್ ಕಾಣುವ ಪ್ರಿಂಟರುಗಳದು ಬೇರೆ ಕಥೆ. ಎಪ್ಸನ್ ಎಲ್ ಸರಣಿಯಲ್ಲಿ ಹೆಡ್ ಯಂತ್ರದ ಭಾಗ. ಅದನ್ನು ಬದಲಿಸುವುದು ಸರ್ವಿಸ್ ಸೆಂಟರಿನ ಕೆಲಸ, ಬಿಲ್ಲು ನೋಡಿದರೆ ಹೊಸ ಪ್ರಿಂಟರೇ ತರೋಣ ಅನ್ನಿಸುತ್ತದೆ. ಕ್ಯಾನನ್ ಜಿ ಸರಣಿ, ಎಚ್‌ಪಿ ಸ್ಮಾರ್ಟ್ ಟ್ಯಾಂಕ್‌ನ ಹಲವು ಮಾಡೆಲ್‌ಗಳಲ್ಲಿ ಹೆಡ್ ಬಿಡಿಯಾಗಿ ಸಿಗುತ್ತದೆ, ಅಷ್ಟರಮಟ್ಟಿಗೆ ನೆಮ್ಮದಿ.

ಮೂರನೆಯದು ಲೇಸರ್. ಜೆರಾಕ್ಸ್ ಅಂಗಡಿ, ವಕೀಲರ ಕಚೇರಿ, ಸೊಸೈಟಿಗಳಲ್ಲಿ ಇವತ್ತಿಗೂ ದುಡಿಯುತ್ತಿರುವ ಕ್ಯಾನನ್ ಎಲ್‌ಬಿಪಿ 2900, ಎಚ್‌ಪಿ 1020 ಈ ಜಾತಿಯವು. ಇವುಗಳಲ್ಲಿ ದ್ರವ ಶಾಯಿಯೇ ಇಲ್ಲ, ಟೋನರ್ ಪುಡಿ ಇರುತ್ತದೆ.

ಅಂಗಡಿಯಲ್ಲಿ ಕೇಳಬೇಕಾದ್ದು

ಕಂಪಾಟಿಬಲ್ ಎಂದರೆ ಬೇರೆ ಕಂಪನಿ ತನ್ನದೇ ಹೆಸರಲ್ಲಿ ಮಾಡಿದ ಹೊಸ ಕಾರ್ಟ್ರಿಜ್. ರೀಫಿಲ್ ಎಂದರೆ ಖಾಲಿಯಾದ ಒರಿಜಿನಲ್‌ಗೆ ಮತ್ತೆ ಶಾಯಿ ತುಂಬಿದ್ದು. ಡೂಪ್ಲಿಕೇಟ್ ಎಂದರೆ ಒರಿಜಿನಲ್ ಡಬ್ಬದಂತೆಯೇ ಡಬ್ಬ ಮಾಡಿ ಮೋಸದಿಂದ ಮಾರುವುದು. ಮೊದಲೆರಡು ಪ್ರಾಮಾಣಿಕ ಸರಕು, ಮೂರನೆಯದು ವಂಚನೆ. ಒರಿಜಿನಲ್ ಎಂದು ಹೇಳಿ ಅರ್ಧ ಬೆಲೆಗೆ ಕೊಟ್ಟರೆ ಅಲ್ಲಿಂದ ಹೊರಡಿ. ಯಾವುದೇ ಇರಲಿ, ಮಾಡೆಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಇಸಿದುಕೊಳ್ಳಿ. ‘ಪ್ರಿಂಟರ್ ಒಪ್ಪದಿದ್ದರೆ ವಾಪಸ್ ತಗೋತೀರಾ?’ ಎಂದು ಕೇಳಿಯೇ ದುಡ್ಡು ಕೊಡಿ.

ಪ್ರಿಂಟರ್ ಒಪ್ಪದಿರುವುದಕ್ಕೆ ಕಾರಣ ಸಾಮಾನ್ಯವಾಗಿ ಇಂಕ್ ಅಲ್ಲ, ಚಿಪ್, ಅಂದರೆ ಕಾರ್ಟ್ರಿಜ್ ಯಾರದೆಂದು ಪ್ರಿಂಟರಿಗೆ ತಿಳಿಸುವ ಪುಟ್ಟ ಎಲೆಕ್ಟ್ರಾನಿಕ್ ಬಿಲ್ಲೆ. 2016ರ ಸೆಪ್ಟೆಂಬರಿನಲ್ಲಿ ಎಚ್‌ಪಿಯ ಕೆಲವು ಆಫೀಸ್‌ಜೆಟ್ ಪ್ರಿಂಟರುಗಳು ಅಲ್ಲಿಯವರೆಗೆ ಚೆನ್ನಾಗಿ ನಡೆಯುತ್ತಿದ್ದ ಬೇರೆ ಕಂಪನಿಯ ಕಾರ್ಟ್ರಿಜ್‌ಗಳನ್ನು ಇದ್ದಕ್ಕಿದ್ದಂತೆ ತಿರಸ್ಕರಿಸಿದ್ದವು. ಮೊದಲೇ ಬಂದಿದ್ದ ಅಪ್‌ಡೇಟ್ ಮಾಡಿದ ಕೆಲಸ ಅದು. ಈ ವ್ಯವಸ್ಥೆಗೆ ಕಂಪನಿ ಡೈನಾಮಿಕ್ ಸೆಕ್ಯುರಿಟಿ ಎನ್ನುತ್ತದೆ. ಎಚ್‌ಪಿಯದಲ್ಲದ ಚಿಪ್ ಇದ್ದರೆ ತಡೆಯುತ್ತದೆ. ಎಚ್‌ಪಿಯ ಹಳೆಯ ಚಿಪ್ಪೇ ಇರುವ ರೀಫಿಲ್ ಕಾರ್ಟ್ರಿಜ್ ನಡೆಯುತ್ತದೆ. ಆದ್ದರಿಂದ ಎಚ್‌ಪಿ ಮನೆಯಲ್ಲಿದ್ದರೆ ಹೊಸ ಕಂಪಾಟಿಬಲ್‌ಗಿಂತ ನಿಮ್ಮದೇ ಖಾಲಿ ಕಾರ್ಟ್ರಿಜ್ ರೀಫಿಲ್ ಮಾಡಿಸುವುದು ಲೇಸು. ಎಚ್‌ಪಿ ಪ್ಲಸ್ ಯೋಜನೆಗೆ ಒಪ್ಪಿಕೊಂಡ ಪ್ರಿಂಟರ್ ಆದರೆ ಒರಿಜಿನಲ್ ಬಿಟ್ಟು ಬೇರೆ ದಾರಿಯಿಲ್ಲ. ಉಳಿದವರು ಸೆಟ್ಟಿಂಗ್ಸ್‌ಗೆ ಹೋಗಿ ಆಟೊಮ್ಯಾಟಿಕ್ ಅಪ್‌ಡೇಟ್ ಆಫ್ ಮಾಡಿಟ್ಟುಕೊಳ್ಳಿ. ಅಲ್ಲೇ ಕಾರ್ಟ್ರಿಜ್ ಪ್ರೊಟೆಕ್ಷನ್ ಎಂಬುದಿದ್ದರೆ ಅದನ್ನೂ ತೆಗೆದುಬಿಡಿ. ಆನ್ ಇದ್ದರೆ ಆ ಕಾರ್ಟ್ರಿಜ್ ಮುಂದೆ ಬೇರೆ ಪ್ರಿಂಟರಿನಲ್ಲಿ ನಡೆಯುವುದಿಲ್ಲ.

ಚಿಪ್ ಇಲ್ಲದೆ ಪ್ರಿಂಟ್ ಬರುವುದೇ ಇಲ್ಲ ಎಂಬ ಮಾತನ್ನು ನಂಬಬೇಕಾಗಿಲ್ಲ. 2022ರಲ್ಲಿ ಚಿಪ್ ಕೊರತೆ ಬಂದಾಗ ಸ್ವತಃ ಕ್ಯಾನನ್ ಕಂಪನಿಯೇ ಕೆಲವು ಟೋನರ್ ಕಾರ್ಟ್ರಿಜ್‌ಗಳನ್ನು ಚಿಪ್ ಇಲ್ಲದೆ ಮಾರಿತ್ತು. ಎಚ್ಚರಿಕೆಯ ಸಂದೇಶ ಬಂದಾಗ ಏನು ಒತ್ತಿ ಮುಂದುವರಿಯಬೇಕೆಂದು ಯುರೋಪಿನ ಗ್ರಾಹಕರಿಗೆ ಹೇಳಿಕೊಟ್ಟಿತ್ತು ಕೂಡ.

ಕಾರ್ಟ್ರಿಜ್‌ಗೆ ಮನೆಯಲ್ಲೇ ಇಂಕ್ ತುಂಬುವುದು

ಪೂರ್ತಿ ಖಾಲಿಯಾಗುವವರೆಗೆ ಕಾಯಬೇಡಿ. ಹೀಟರ್ ತಂಪಾಗಿರುವುದು ಶಾಯಿಯಿಂದಲೇ. ಒಣ ಕಾರ್ಟ್ರಿಜ್‌ನಲ್ಲಿ ಪ್ರಿಂಟ್ ಕೊಡುತ್ತಾ ಹೋದರೆ ಹೆಡ್ ಸುಟ್ಟುಹೋಗುತ್ತದೆ. ಅಕ್ಷರ ಮಸುಕಾಗತೊಡಗಿದ ದಿನವೇ ತುಂಬಿ.

ಹಳೇ ಪೇಪರ್ ಹಾಸಿ, ಕೈಗೆ ಗ್ಲೌಸ್ ಹಾಕಿ. ಕಾರ್ಟ್ರಿಜ್ ಮೇಲಿನ ಲೇಬಲ್ ನಿಧಾನವಾಗಿ ಎಬ್ಬಿಸಿದರೆ ಸಣ್ಣ ತೂತುಗಳು ಕಾಣುತ್ತವೆ. ಕಲರ್ ಕಾರ್ಟ್ರಿಜ್‌ನಲ್ಲಿ ಮೂರು ಬಣ್ಣಕ್ಕೆ ಮೂರು ಕೋಣೆಗಳಿದ್ದು, ಯಾವ ತೂತಿಗೆ ಯಾವ ಬಣ್ಣ ಎಂಬುದು ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗುತ್ತದೆ. ಹಲ್ಲುಕಡ್ಡಿ ಇಳಿಸಿ ತುದಿಗೆ ಅಂಟಿದ ಬಣ್ಣ ನೋಡಿ. ಒಂದಕ್ಕೆ ಒಂದೇ ಕಡ್ಡಿ. ಅದೇ ಕಡ್ಡಿಯನ್ನು ಇನ್ನೊಂದಕ್ಕೆ ಅದ್ದಿದರೆ ಹಳದಿ ಕೆಡುತ್ತದೆ.

ಒಳಗಿರುವುದು ಸ್ಪಂಜು. ಸಿರಿಂಜಿನ ಸೂಜಿಯನ್ನು ಅದರೊಳಗೆ ಇಳಿಸಿ ತೀರಾ ನಿಧಾನವಾಗಿ ಒತ್ತಿ. ಜೋರಾಗಿ ಒತ್ತಿದರೆ ಗಾಳಿ ಸಿಕ್ಕಿಕೊಂಡು ಪ್ರಿಂಟಿನಲ್ಲಿ ಬಿಳಿ ಗೆರೆ ಬರುತ್ತದೆ. ಸಾಮಾನ್ಯ ಗಾತ್ರದ ಕಪ್ಪು ಕಾರ್ಟ್ರಿಜ್‌ಗೆ 4ರಿಂದ 5 ಮಿ.ಲೀ., ಕಲರ್‌ನಲ್ಲಿ ಒಂದೊಂದು ಬಣ್ಣಕ್ಕೆ ಸುಮಾರು 2 ಮಿ.ಲೀ. ಸಾಕು. ತೂತಿನ ಬಾಯಲ್ಲಿ ಶಾಯಿ ಇಣುಕಿದ ಕೂಡಲೇ ನಿಲ್ಲಿಸಿ, ಉಕ್ಕಿದ್ದನ್ನು ಸಿರಿಂಜಿನಿಂದಲೇ ಹಿಂದಕ್ಕೆ ಎಳೆದುಕೊಳ್ಳಿ. ಲೇಬಲ್ ಮತ್ತೆ ಅಂಟಿಸಿ, ಆದರೆ ಗಾಳಿ ಆಡುವ ಸಣ್ಣ ಗೀರುಗಳನ್ನು ಸೆಲೋಟೇಪಿನಿಂದ ಮುಚ್ಚಬೇಡಿ. ಗಾಳಿ ಒಳಗೆ ಹೋಗದಿದ್ದರೆ ಶಾಯಿ ಕೆಳಗೆ ಇಳಿಯುವುದಿಲ್ಲ. ಕೊನೆಗೆ ಟಿಶ್ಯೂ ಮಡಚಿ ಅಡಿಯ ತಗಡನ್ನು ಅದರ ಮೇಲೆ ಮೆಲ್ಲಗೆ ಒತ್ತಿ ಹಿಡಿಯಿರಿ. ಕಪ್ಪಾದರೆ ಒಂದು ಪಟ್ಟೆ, ಕಲರ್ ಆದರೆ ಮೂರು ಪಟ್ಟೆ ಬೇರೆ ಬೇರೆಯಾಗಿ ಮೂಡಬೇಕು. ಉಜ್ಜಬೇಡಿ, ತಾಮ್ರದ ಚುಕ್ಕಿಗಳನ್ನು ಮುಟ್ಟಲೇಬೇಡಿ.

ಹಾಕಿದ ಮೇಲೂ ‘ಇಂಕ್ ಖಾಲಿ’ ಎಂದೇ ಪ್ರಿಂಟರ್ ಹೇಳುತ್ತದೆ. ಅದು ಶಾಯಿಯನ್ನು ಅಳೆಯುವುದಿಲ್ಲ, ಎಷ್ಟು ಹನಿ ಹೋಯಿತೆಂದು ಲೆಕ್ಕ ಇಡುತ್ತದೆ ಅಷ್ಟೇ. ಎಚ್‌ಪಿಯಲ್ಲಿ ಓಕೆ ಒತ್ತಿ ಮುಂದುವರಿಯಬಹುದು. ಪಿಜಿ, ಸಿಎಲ್ ಕಾರ್ಟ್ರಿಜ್‌ನ ಕ್ಯಾನನ್ ಆದರೆ ಸ್ಟಾಪ್ ಬಟನ್ ಅನ್ನು 5 ಸೆಕೆಂಡಿಗಿಂತ ಹೆಚ್ಚು ಹೊತ್ತು ಒತ್ತಿ ಹಿಡಿಯಿರಿ. ಅಲ್ಲಿಂದ ಮುಂದೆ ಇಂಕ್ ಎಷ್ಟಿದೆ ಎಂದು ಅದು ತೋರಿಸುವುದಿಲ್ಲ, ನೀವೇ ಕಣ್ಣಿಡಬೇಕು.

ಟ್ಯಾಂಕ್ ಪ್ರಿಂಟರಿಗೆ ಒರಿಜಿನಲ್ಲೇ ಇರಲಿ

ಇದು ನನ್ನ ಖಚಿತ ಅಭಿಪ್ರಾಯ. ಎಚ್‌ಪಿ 680 ಕಪ್ಪು ಕಾರ್ಟ್ರಿಜ್ ಕಂಪನಿಯ ಲೆಕ್ಕದಲ್ಲೇ ಕೊಡುವುದು ಸುಮಾರು 480 ಪುಟ. ಎಪ್ಸನ್ 003ರ 65 ಮಿ.ಲೀ. ಕಪ್ಪು ಬಾಟಲಿ ಕೊಡುವುದು ಸುಮಾರು 4,500. ಪುಟಕ್ಕೆ ಪೈಸೆಗಳ ಲೆಕ್ಕದಲ್ಲಿ ಇಳಿದ ಮೇಲೆ ಬೇರೆ ಬಾಟಲಿಯಿಂದ ಉಳಿಯುವುದು ಅಲ್ಪ, ಹೆಡ್ ಕಟ್ಟಿದರೆ ಕಳೆದುಕೊಳ್ಳುವುದು ಪ್ರಿಂಟರನ್ನೇ.

ದಿನಕ್ಕೆ ನೂರಾರು ಪುಟ ತೆಗೆಯುವ ಅಂಗಡಿಯವರು ಬೇರೆ ಇಂಕ್ ಹಾಕಿಯೇ ಹಾಕುತ್ತಾರೆ. ಅವರು ಎರಡು ವಿಷಯ ಮರೆಯಬಾರದು. ಮೊದಲು ನಾಜಲ್ ಚೆಕ್ (ರಂಧ್ರಗಳೆಲ್ಲ ಸರಿಯಾಗಿ ಚಿಮ್ಮುತ್ತಿವೆಯೇ ಎಂದು ತೋರಿಸುವ ಪುಟ) ತೆಗೆದು, ದಿನಾಂಕ ಬರೆದು, ಆ ಹಾಳೆ ಇಟ್ಟುಕೊಳ್ಳಿ. ಆಮೇಲೆ ಒಂದು ಬಣ್ಣ ಮಾತ್ರ ಬದಲಿಸಿ ಕೆಲವು ವಾರ ನೋಡಿ. ಹಳೆಯ ಶಾಯಿ ಟ್ಯಾಂಕಿನ ಕೆಳಗಿನ ಗೆರೆಯ ಹತ್ತಿರ ಬರಲಿ, ಗೆರೆಗಿಂತ ಕೆಳಗೆ ಹೋದರೆ ಪೈಪಿಗೆ ಗಾಳಿ ಸೇರುತ್ತದೆ. ಎರಡು ಬೇರೆ ಜಾತಿಯ ಶಾಯಿ ಬೆರೆತರೆ ಒಳಗೇ ಗಟ್ಟಿಯಾಗುವುದುಂಟು. ಪ್ರಿಂಟಿನಲ್ಲಿ ಬಿಳಿ ಗೆರೆ ಬಿದ್ದರೆ ಎರಡು ಮೂರು ಸಲ ಹೆಡ್ ಕ್ಲೀನಿಂಗ್ ಕೊಟ್ಟು ಒಂದು ರಾತ್ರಿ ಹಾಗೇ ಬಿಡಿ. ಮತ್ತೆ ಮತ್ತೆ ಕೊಟ್ಟರೆ ಅಷ್ಟೂ ಶಾಯಿ ಒಳಗಿನ ವೇಸ್ಟ್ ಪ್ಯಾಡ್ (ವ್ಯರ್ಥ ಶಾಯಿ ಹೀರುವ ಮೆತ್ತೆ) ಸೇರುತ್ತದೆ. ಪ್ಯಾಡ್ ತುಂಬಿದ ದಿನ ಪ್ರಿಂಟರ್ ನಿಲ್ಲುತ್ತದೆ.

ಡೈ, ಪಿಗ್ಮೆಂಟ್ ಮತ್ತು ನಮ್ಮ ಮಳೆ

ಮಲೆನಾಡಿನವರು ಬೆಲೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ಡೈ ಶಾಯಿ ನೀರಿನಲ್ಲಿ ಕರಗಿದ ಬಣ್ಣ, ಒದ್ದೆಯಾದರೆ ಹರಡುತ್ತದೆ. ಪಿಗ್ಮೆಂಟ್ ಶಾಯಿಯಲ್ಲಿ ಬಣ್ಣದ ಸೂಕ್ಷ್ಮ ಕಣಗಳು ಪೇಪರಿನ ಮೇಲೆ ಕೂರುತ್ತವೆ, ಒಣಗಿದ ಮೇಲೆ ಅಷ್ಟು ಸುಲಭಕ್ಕೆ ಏಳುವುದಿಲ್ಲ. ಟ್ಯಾಂಕಿನ ಬಾಟಲಿಗಳಲ್ಲಿ ಎಚ್‌ಪಿ ಜಿಟಿ 53, ಕ್ಯಾನನ್ ಜಿಐ 790 ಕಪ್ಪುಗಳು ಪಿಗ್ಮೆಂಟ್. ಎಪ್ಸನ್ 003ರಲ್ಲಿ ಕಪ್ಪು ಸಹ ಡೈ. ಕಂಪಾಟಿಬಲ್ ಕೊಳ್ಳುವಾಗ ಒರಿಜಿನಲ್ ಯಾವ ಜಾತಿಯೋ ಅದೇ ಜಾತಿ ಕೇಳಿ. ಪಿಗ್ಮೆಂಟ್ ಜಾಗಕ್ಕೆ ಡೈ ತುಂಬಿ ಕೊಟ್ಟರೆ ಪ್ರಿಂಟ್ ಚೆನ್ನಾಗಿಯೇ ಬರುತ್ತದೆ, ಗೊತ್ತಾಗುವುದು ಜೂನ್‌ನಲ್ಲಿ.

ಪರೀಕ್ಷೆ ಸುಲಭ. ಒಂದು ಕನ್ನಡ ಪುಟ ಪ್ರಿಂಟ್ ಮಾಡಿ ಅರ್ಧ ಗಂಟೆ ಬಿಡಿ. ಚಿಕ್ಕ ಅಕ್ಷರದ ಸಾಲಿನ ಮೇಲೆ ಒಂದು ಹನಿ ನೀರು ಬಿಟ್ಟು, ನಿಮಿಷ ಕಳೆದು ಬೆರಳಿನಿಂದ ಒರೆಸಿ. ಡೈ ಆದರೆ ಒತ್ತಕ್ಷರಗಳೆಲ್ಲ ಮೇಲಿನ ಅಕ್ಷರಕ್ಕೆ ಸೇರಿಕೊಂಡು, ‘ಕ್ಷ’ ಯಾವುದು ‘ಕ್ಕ’ ಯಾವುದು ತಿಳಿಯದಂಥ ಕಲೆಯಾಗುತ್ತದೆ. ಪಿಗ್ಮೆಂಟ್ ಆದರೆ ಅಂಚು ತುಸು ಮಂಕಾದರೂ ಓದಬಹುದು. ಪಹಣಿ, ಅಫಿಡವಿಟ್, ಬಗರ್‌ಹುಕುಂ ಅರ್ಜಿಯಂಥವನ್ನು ಪಿಗ್ಮೆಂಟಿನಲ್ಲಿ ಇಲ್ಲವೇ ಲೇಸರ್‌ನಲ್ಲೇ ತೆಗೆಸಿ. ಬಸ್ಸಿಳಿದು ನಾಡಕಚೇರಿ ಮುಟ್ಟುವಷ್ಟರಲ್ಲಿ ಫೈಲ್ ನೆನೆಯುವ ಊರು ನಮ್ಮದು.

ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯ ಕಡೆ ಬಿಡಿ, ಶಿವಮೊಗ್ಗ ಪೇಟೆಯಲ್ಲೂ ಜುಲೈ ತಿಂಗಳಲ್ಲಿ ಪೇಪರ್ ಥಂಡಿ ಹಿಡಿಯುತ್ತದೆ. ಥಂಡಿ ಹಾಳೆಯಲ್ಲಿ ಒರಿಜಿನಲ್ ಇಂಕೂ ಹರಡುತ್ತದೆ. ತಪ್ಪು ಕಂಪಾಟಿಬಲ್‌ನದು ಎಂದುಕೊಳ್ಳುವ ಮೊದಲು ಹೊಸ ಬಂಡಲ್ ಒಡೆದು ನೋಡಿ. ಒಡೆದ ಬಂಡಲನ್ನು ಹಪ್ಪಳ ಇಟ್ಟ ಹಾಗೆ ಬಿಗಿ ಮುಚ್ಚಳದ ಡಬ್ಬದಲ್ಲಿಡಿ.

ಇನ್ನು ಕರೆಂಟ್. ಲೈನಿನ ಮೇಲೆ ಮರ ಬಿದ್ದು ಪ್ರಿಂಟ್ ನಡುವೆ ಕರೆಂಟ್ ಹೋದರೆ ಹೆಡ್ ತನ್ನ ಮುಚ್ಚಳದ ಜಾಗಕ್ಕೆ ಹೋಗದೆ ನಡುದಾರಿಯಲ್ಲೇ ನಿಲ್ಲುತ್ತದೆ. ಎರಡು ದಿನ ಹಾಗೇ ಬಿಟ್ಟರೆ ಎಂಥ ಶಾಯಿಯೂ ಒಣಗಿ ರಂಧ್ರ ಕಟ್ಟಬಹುದು. ಇಂಕ್‌ಜೆಟ್ ಪ್ರಿಂಟರನ್ನು ಯುಪಿಎಸ್‌ಗೆ ಜೋಡಿಸಿ. ಕರೆಂಟ್ ಬಂದ ಕೂಡಲೇ ಆನ್ ಮಾಡಿ, ಅದರ ಬಟನ್ ಒತ್ತಿಯೇ ಆಫ್ ಮಾಡಿ. ಗೋಡೆಯ ಸ್ವಿಚ್ ಆಮೇಲೆ. ವಾರಕ್ಕೊಂದು ಕಲರ್ ಪುಟ ತೆಗೆಯುವುದು ಬಿಡಬೇಡಿ. ಲೇಸರನ್ನು ಮಾತ್ರ ಮನೆಯ ಯುಪಿಎಸ್‌ಗೆ ಜೋಡಿಸಬೇಡಿ, ಅದು ಬಿಸಿಯಾಗುವಾಗ ಎಳೆಯುವ ಕರೆಂಟನ್ನು ಯುಪಿಎಸ್ ತಾಳುವುದಿಲ್ಲ.

ಟೋನರ್

ಇಲ್ಲಿ ಕಂಪಾಟಿಬಲ್‌ಗೆ ಅನುಮಾನ ಬೇಡ. ಎಚ್‌ಪಿ 1020ರ 12ಎ, ಕ್ಯಾನನ್ 2900ರ 303 ಎರಡೂ ಹಳೆಯ, ಎಲ್ಲರಿಗೂ ಗೊತ್ತಿರುವ ಕಾರ್ಟ್ರಿಜ್‌ಗಳು. ರೀಫಿಲ್ ಮಾಡಿಸುತ್ತಾ ಬಂದಂತೆ ಒಳಗಿನ ಡ್ರಮ್ (ಪುಡಿಯನ್ನು ಪೇಪರಿಗೆ ದಾಟಿಸುವ ಉರುಳೆ) ಸವೆಯುತ್ತದೆ. ಪುಟದಲ್ಲಿ ಒಂದೇ ಕಲೆ ಮೇಲಿಂದ ಕೆಳಗೆ ಮರುಕಳಿಸುತ್ತಿದ್ದರೆ ಸ್ಕೇಲ್ ಇಟ್ಟು ಅಳೆಯಿರಿ. ಅಂತರ ಸುಮಾರು 7.5 ಸೆಂ.ಮೀ. ಬಂದರೆ ಅದು ಡ್ರಮ್ಮಿನ ಒಂದು ಸುತ್ತು. ಡ್ರಮ್ ಬದಲಿಸಿ, ಇಲ್ಲವೇ ಹೊಸ ಕಾರ್ಟ್ರಿಜ್ ತನ್ನಿ. ಪುಡಿ ಚೆಲ್ಲಿದರೆ ತಣ್ಣೀರಿನ ಬಟ್ಟೆಯಿಂದಲೇ ಒರೆಸಿ, ಬಿಸಿನೀರು ತಾಗಿದರೆ ಅಂಟಿಕೊಂಡು ಬಿಡುತ್ತದೆ.

ವಾರಂಟಿ ಇರುವಷ್ಟು ದಿನ ಒರಿಜಿನಲ್ಲೇ ಹಾಕುವುದು ಕ್ಷೇಮ. ಬೇರೆ ಇಂಕಿನಿಂದಾದ ಹಾನಿಗೆ ತಾವು ಹೊಣೆಯಲ್ಲ ಎಂದು ಕಂಪನಿಗಳು ವಾರಂಟಿ ಕಾರ್ಡಿನಲ್ಲಿ ಸಾಮಾನ್ಯವಾಗಿ ಬರೆದಿರುತ್ತವೆ.

ಖಾಲಿ ಕಾರ್ಟ್ರಿಜ್ ಇ-ತ್ಯಾಜ್ಯ. 2022ರ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಪ್ರಿಂಟರ್ ಜೊತೆ ಕಾರ್ಟ್ರಿಜ್ ಹೆಸರೂ ಇದೆ. ಒಂದು ಕವರಿನಲ್ಲಿ ಕಟ್ಟಿಟ್ಟು ಶಿವಮೊಗ್ಗಕ್ಕೆ ಹೋದಾಗ ರೀಫಿಲ್ ಅಂಗಡಿಯವರನ್ನು ಕೇಳಿ, ಒಳ್ಳೆಯ ಖಾಲಿ ಕಾರ್ಟ್ರಿಜ್ ಅವರಿಗೂ ಬೇಕಾಗಿರುತ್ತದೆ. ಟೋನರ್ ಕಾರ್ಟ್ರಿಜ್ ಅಥವಾ ಒರೆಸಿದ ಪುಡಿಯನ್ನು ಮಾತ್ರ ಯಾವ ಕಾರಣಕ್ಕೂ ಬಚ್ಚಲೊಲೆಗೆ ಹಾಕಬೇಡಿ. ಅಷ್ಟು ನುಣುಪಾದ ಪುಡಿ ಬೆಂಕಿಗೆ ಬಿದ್ದರೆ ಭಗ್ಗನೆ ಹೊತ್ತಿ ಮುಖಕ್ಕೆ ಸಿಡಿಯುತ್ತದೆ.