ಹಾಲ್‌ಸ್ಟಾಟ್‌ಗೆ ಹೋಗೋರು ಕೊನೇ ದೋಣಿ ಟೈಮ್ ನೋಡ್ಕೊಳ್ಳಿ

ಮ್ಯೂನಿಕ್‌ನಲ್ಲಿರೋ ನಮ್ಮವರು ಯಾರಾದ್ರೂ ವೀಕೆಂಡ್‌ಗೆ ಗೆಳೆಯರ ಜೊತೆ ಆಸ್ಟ್ರಿಯಾದಲ್ಲಿ ಸರೋವರದ ದಡದಲ್ಲಿರೋ ಹಾಲ್‌ಸ್ಟಾಟ್‌ ಅನ್ನೋ ಊರಿಗೆ ಹೊರಟಿದ್ರೆ, ಒಂದೇ ಬಯರ್ನ್ ಟಿಕೆಟ್‌ನಲ್ಲಿ (ಬವೇರಿಯಾ ರಾಜ್ಯದ ಒಂದು ದಿನದ ರೈಲು ಟಿಕೆಟ್) 5 ಜನ ಸಾಲ್ಜ್‌ಬರ್ಗ್‌ವರೆಗೆ ಹೋಗಬಹುದು. ಆದ್ರೆ ಪ್ರಾದೇಶಿಕ ರೈಲೇ ಹತ್ತಬೇಕು, ವೇಗದ ಎಕ್ಸ್‌ಪ್ರೆಸ್ ಅಲ್ಲ. ಅಲ್ಲಿಂದ 150ನೇ ನಂಬರ್ ಬಸ್ಸಲ್ಲಿ ಬಾಡ್ ಇಷ್ಲ್ ಊರಿಗೆ, ಆಮೇಲೆ ಹಾಲ್‌ಸ್ಟಾಟ್‌ಗೆ ರೈಲು.

ಮುಖ್ಯ ವಿಷಯ ಏನಂದ್ರೆ, ಹಾಲ್‌ಸ್ಟಾಟ್ ಸ್ಟೇಷನ್ ಇರೋದು ಸರೋವರದ ಆಚೆ ದಡದಲ್ಲಿ. ಊರಿಗೆ ದೋಣಿಯಲ್ಲೇ ದಾಟಬೇಕು, ಸಂಜೆ ಅದು ಬೇಗ ನಿಂತುಬಿಡುತ್ತೆ. ತಡವಾದ್ರೆ ಅಲ್ಲಿ ಇಳೀಬೇಡಿ, ಮುಂದಿನ ಸ್ಟೇಷನ್ ಓಬರ್‌ಟ್ರೌನ್‌ನಲ್ಲಿ ಇಳಿದು ಹಾಲ್‌ಸ್ಟಾಟ್‌ಗೆ ರಸ್ತೆ ಹಿಡೀರಿ.

ಭಾನುವಾರ ಅಂಗಡಿ ಮುಚ್ಚಿರುತ್ತೆ. ಬ್ರೆಡ್ಡು, ಮೊಸರು ಶನಿವಾರವೇ ತಗೊಳ್ಳಿ. ದಯವಿಟ್ಟು ಒಂದು ರಾತ್ರಿ ಉಳೀರಿ. ಬೆಳಗ್ಗೆ ಟೂರಿಸ್ಟ್ ಬಸ್ಸು ಬರೋ ಮೊದಲು, ಗಾಳಿ ಇಲ್ಲದಾಗ, ಚರ್ಚಿನ ಚೂಪು ಗೋಪುರ ನೀರಲ್ಲಿ ತಲೆಕೆಳಗಾಗಿ ಅಲುಗಾಡದೆ ನಿಂತಿರುತ್ತೆ.