ಒಂದೇ ಸರಕು, ಮೂರು ಆನ್‌ಲೈನ್ ಮಾರುಕಟ್ಟೆ: ದಾವಣಗೆರೆಯ ಬಟ್ಟೆ ವ್ಯಾಪಾರಿಯ ಅನುಭವ

ದಾವಣಗೆರೆಯ ಚೌಕಿಪೇಟೆಯಲ್ಲಿ ನಮ್ಮದು ಒಳಲಂಗ, ನೈಟಿ ಮತ್ತು ಪಂಚೆಗಳ ಅಂಗಡಿ. ಜೊತೆಗೆ ಚಳ್ಳಕೆರೆ ಕಡೆಯ ನೇಕಾರರಿಂದ ತರಿಸಿದ ಕೈಮಗ್ಗದ ಕಂಬಳಿಯನ್ನೂ ಮಾರುತ್ತೇವೆ. ಈ ಸರಕನ್ನೇ ಫ್ಲಿಪ್‌ಕಾರ್ಟ್, ಅಮೆಜಾನ್ ಮತ್ತು ಮೀಶೋಗಳಲ್ಲಿ ಇಟ್ಟು ಮಾರುತ್ತ ಬಂದಿರುವುದರಿಂದ, ಹಳೆಯ ಮಾರುಕಟ್ಟೆಗಳಿಗೂ ಹೊಸದಕ್ಕೂ ನಡೆದಿರುವ ಪೈಪೋಟಿಯನ್ನು ನಾನು ಜಾಹೀರಾತುಗಳಲ್ಲಿ ನೋಡಿದ್ದಕ್ಕಿಂತ ಬ್ಯಾಂಕ್ ಖಾತೆಗೆ ಹಣ ಬಂದಾಗ ಸಿಗುವ ಸೆಟಲ್‌ಮೆಂಟ್ ಪಟ್ಟಿಯಲ್ಲಿ (ಶುಲ್ಕಗಳನ್ನೆಲ್ಲ ಕಳೆದು ಕೊಟ್ಟ ಹಣದ ಲೆಕ್ಕ) ನೋಡಿದ್ದೇ ಹೆಚ್ಚು. ಅದನ್ನು ಓದಿದವರಿಗೆ ತಿಳಿಯುವಂತೆ, ಒಂದು ವಸ್ತುವಿಗೆ ಲಾಭ ತರುವ ಮಾರುಕಟ್ಟೆ ಇನ್ನೊಂದು ವಸ್ತುವಿಗೆ ನಷ್ಟ ತರಬಹುದು.

2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಾಟದಿಂದ ಆರಂಭವಾದ ಫ್ಲಿಪ್‌ಕಾರ್ಟ್ ಮತ್ತು 2013ರಲ್ಲಿ ಭಾರತದ ಮಾರುಕಟ್ಟೆಗೆ ಇಳಿದ ಅಮೆಜಾನ್, ಎರಡೂ ಬೆಳೆದದ್ದು ಮೊಬೈಲ್ ಫೋನಿನಂತಹ ಹೆಚ್ಚು ಬೆಲೆಯ ಸರಕಿನ ಬಲದಿಂದ. 2015ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಮೀಶೋ, ಮನೆಯಲ್ಲಿದ್ದೇ ವಾಟ್ಸ್‌ಆ್ಯಪ್ ಮೂಲಕ ಸೀರೆ, ಕುರ್ತಾ ಮಾರುವ ಮಹಿಳೆಯರನ್ನು ಹಿಡಿದು ಬೆಳೆಯಿತು. 2021ರಲ್ಲಿ ಮಾರಾಟಗಾರರಿಂದ ಕಮಿಷನ್ ತೆಗೆದುಕೊಳ್ಳುವುದಿಲ್ಲ ಎಂದು ಘೋಷಿಸಿತು. ನಮ್ಮಂತಹ ಊರಿನ ಬಟ್ಟೆ ವ್ಯಾಪಾರಿಗಳಿಗೆ ಆನ್‌ಲೈನ್ ಬಾಗಿಲು ನಿಜವಾಗಿ ತೆರೆದದ್ದು ಆಗಲೇ ಎಂಬುದು ನನ್ನ ಅಭಿಪ್ರಾಯ.

ಅದುವರೆಗಿನ ಮಾರುಕಟ್ಟೆಗಳು ನಮಗೆ ಒಗ್ಗದಿದ್ದ ಕಾರಣ ಸರಳವಾದದ್ದು. ₹250ರ ಒಳಲಂಗಕ್ಕೆ ಶೇಕಡಾವಾರು ಕಮಿಷನ್ ಅಷ್ಟೇನೂ ಭಾರವಲ್ಲ, ಏಕೆಂದರೆ ಬೆಲೆ ಇಳಿದಂತೆ ಅದೂ ಇಳಿಯುತ್ತದೆ; ಆದರೆ ಆರ್ಡರಿಗೆ ಇಷ್ಟೆಂದು ನಿಗದಿಯಾದ ಶುಲ್ಕ ಮತ್ತು ತೂಕದ ಮೇಲೆ ಬೀಳುವ ಸಾಗಣೆ ವೆಚ್ಚ, ವಸ್ತು ₹250ರದಾದರೂ ₹700ರದಾದರೂ ಹೆಚ್ಚುಕಡಿಮೆ ಅಷ್ಟೇ ಇರುತ್ತವೆ. ಅಗ್ಗದ ಬಟ್ಟೆಯ ಲಾಭವನ್ನು ತಿನ್ನುವುದು ಇವೇ. ಆದ್ದರಿಂದ ಹಳೆಯ ಮಾರುಕಟ್ಟೆಗಳಲ್ಲಿ ಒಳಲಂಗವನ್ನು ಬಿಡಿಯಾಗಿ ಮಾರುವುದನ್ನು ನಿಲ್ಲಿಸಿ, ಮೂರು ಬಣ್ಣದ ಮೂರು ಲಂಗಗಳನ್ನು ಒಂದೇ ಪೊಟ್ಟಣವಾಗಿ ಇಟ್ಟೆವು. ನಿಗದಿತ ಶುಲ್ಕ ಮೂರಕ್ಕೂ ಸೇರಿ ಒಂದೇ ಬಾರಿ ಬೀಳುತ್ತದೆ. ಬಿಡಿ ಲಂಗ ಮೀಶೋದಲ್ಲಿ ಮಾತ್ರ ಉಳಿಯಿತು. ಒಂದು ಕಡೆ ಬಿಡಿ, ಇನ್ನೊಂದು ಕಡೆ ಪೊಟ್ಟಣ ಇರುವುದರಿಂದ ಗ್ರಾಹಕರು ಎರಡು ಆ್ಯಪ್‌ಗಳ ಬೆಲೆಯನ್ನು ಪಕ್ಕಪಕ್ಕದಲ್ಲಿಟ್ಟು ಚೌಕಾಸಿ ಮಾಡುವ ಪ್ರಸಂಗವೂ ಕಡಿಮೆಯಾಯಿತು.

ಕಮಿಷನ್ ಇಲ್ಲ ಎಂದ ಮಾತ್ರಕ್ಕೆ ಖರ್ಚಿಲ್ಲ ಎಂದಲ್ಲ. ಅಗ್ಗದ ಬಟ್ಟೆಯ ವ್ಯಾಪಾರದಲ್ಲಿ ಕ್ಯಾಶ್ ಆನ್ ಡೆಲಿವರಿ ಆರ್ಡರುಗಳೇ ಹೆಚ್ಚು, ಮತ್ತು ಅವುಗಳ ಜೊತೆಗೇ ರಿಟರ್ನ್ ಬರುತ್ತದೆ. ಬಾಗಿಲಿಗೆ ಹೋದಾಗ ಗ್ರಾಹಕರು ತೆಗೆದುಕೊಳ್ಳದೆ ವಾಪಸಾದ ಪೊಟ್ಟಣ ಮತ್ತು ತೆಗೆದುಕೊಂಡು, ಹಾಕಿ ನೋಡಿ, ಅಳತೆ ಸರಿಯಿಲ್ಲವೆಂದು ಕಳಿಸಿದ ಪೊಟ್ಟಣ, ಇವೆರಡರ ಲೆಕ್ಕ ಬೇರೆ ಬೇರೆ. ಎರಡನೆಯದರಲ್ಲಿ ವಾಪಸು ಸಾಗಣೆಯ ಖರ್ಚು ಮಾರಾಟಗಾರನ ತಲೆಗೆ ಬರಬಹುದು. ಒಂದು ಲಂಗದಲ್ಲಿ ₹30 ಉಳಿಯುತ್ತದೆ, ಒಂದು ರಿಟರ್ನಿಗೆ ₹90 ಹೋಗುತ್ತದೆ ಎಂದಿಟ್ಟುಕೊಂಡರೆ, ಮೂರು ಲಂಗ ಮಾರಿದ ಲಾಭವನ್ನು ನಾಲ್ಕನೆಯದು ನುಂಗಿಹಾಕಿದಂತಾಯಿತು. ಹಾಗಾಗಿ ನಾವು ರಿಟರ್ನ್ ವೆಚ್ಚವನ್ನು ಅಂದಾಜು ಮಾಡಿ ಮೊದಲೇ ಬೆಲೆಯಲ್ಲಿ ಸೇರಿಸುತ್ತೇವೆ, ಮತ್ತು ಸೊಂಟದ ಸುತ್ತಳತೆ, ಉದ್ದ ಎರಡನ್ನೂ ಟೇಪು ಹಿಡಿದ ಚಿತ್ರದ ಸಹಿತ ಹಾಕುತ್ತೇವೆ. ಪ್ಯಾಕ್ ಮಾಡುವಾಗ ಲೇಬಲ್ ಕಾಣುವಂತೆ ವಿಡಿಯೊ ತೆಗೆದಿಡುವುದು, ವಾಪಸು ಬಂದದ್ದನ್ನು ಬಿಚ್ಚುವಾಗಲೂ ವಿಡಿಯೊ ತೆಗೆಯುವುದು ನಮ್ಮ ಹುಡುಗರಿಗೆ ಈಗ ಅಭ್ಯಾಸವಾಗಿದೆ. ಒಮ್ಮೆ ಒಂದು ತಾಣದಿಂದ ಹೊಸ ನೈಟಿಯ ಬದಲು ಒಗೆದು ಮಾಸಿದ ನೈಟಿ ವಾಪಸು ಬಂದಿತ್ತು. ವಿಡಿಯೊ ಇದ್ದುದರಿಂದ ಹಣ ಸಿಕ್ಕಿತು.

ಕಂಬಳಿಯ ಕಥೆ ಬೇರೆ. ಅದು ಹಳೆಯ ಮಾರುಕಟ್ಟೆಗಳಲ್ಲೇ ಚೆನ್ನಾಗಿ ಹೋಗುತ್ತದೆ. ಕಡಿಮೆ ಬೆಲೆಗಾಗಿ ಹುಡುಕುವವರ ಮುಂದೆ ಯಂತ್ರದಲ್ಲಿ ನೇಯ್ದ ಪಾಲಿಯೆಸ್ಟರ್ ಹೊದಿಕೆಯ ಪಕ್ಕದಲ್ಲಿ ಕುರಿ ಉಣ್ಣೆಯ ಕಂಬಳಿಯನ್ನಿಟ್ಟರೆ ಅದನ್ನು ಕೇಳುವವರಿರುವುದಿಲ್ಲ. ಅಮೆಜಾನಿನಲ್ಲಿ ಅದನ್ನು ಹೆಸರು ಹಿಡಿದೇ ಹುಡುಕಿ ಬರುವವರಿದ್ದಾರೆ: ದೇವರ ಗದ್ದಿಗೆಗೆ ಹಾಸಲು, ಮದುವೆಯ ಶಾಸ್ತ್ರಕ್ಕೆ, ಧ್ಯಾನಕ್ಕೆ ಕೂರಲು ಬೇಕೆನ್ನುವವರು. ಇವರು ವಾಪಸು ಮಾಡುವುದು ಬಹಳ ಅಪರೂಪ. ಹೊದೆಯಲು ಕೊಳ್ಳುವ ನಗರದವರು ಮಾತ್ರ, ಹುಣಸೆ ಬೀಜದ ಗಂಜಿ ಹಾಕಿದ ಹೊಸ ಕಂಬಳಿ ಗಡುಸಾಗಿ ಚುಚ್ಚುತ್ತದೆಂದು ತಕರಾರು ಮಾಡುತ್ತಿದ್ದರು. ಮೊದಲು ಗಡುಸಾಗಿರುತ್ತದೆ, ಬಳಸಿದಂತೆ ಮೆತ್ತಗಾಗುತ್ತದೆ, ಎರಡು ಕಂಬಳಿಗಳ ಬಣ್ಣ ಒಂದೇ ಆಗಿರುವುದಿಲ್ಲ ಎಂದು ವಿವರಣೆಯ ಮೊದಲ ಸಾಲಿನಲ್ಲೇ ಬರೆದ ಮೇಲೆ ಆರ್ಡರು ಸ್ವಲ್ಪ ಇಳಿಯಿತು, ತಕರಾರು ಅದಕ್ಕಿಂತ ಹೆಚ್ಚು ಇಳಿಯಿತು. ಸಾಗಣೆಯವರು ನಿಜವಾದ ತೂಕದ ಜೊತೆಗೆ ಪೊಟ್ಟಣದ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ, ಎರಡರಲ್ಲಿ ಹೆಚ್ಚಿನದಕ್ಕೆ ಹಣ ಹಿಡಿಯುವ ಪದ್ಧತಿ ಇರುವುದರಿಂದ, ಕಂಬಳಿಯನ್ನು ಮಡಚುವುದರ ಬದಲು ಬಿಗಿಯಾಗಿ ಸುತ್ತಿ ಹಗ್ಗ ಬಿಗಿದು ಕಳಿಸುತ್ತೇವೆ.

ತೆರಿಗೆಯ ವಿಷಯದಲ್ಲಿ ಹೊಸದಾಗಿ ಇಳಿಯುವವರು ಒಂದನ್ನು ತಿಳಿದಿರಬೇಕು. ಆನ್‌ಲೈನ್ ಮಾರಾಟಕ್ಕೆ ಮೊದಲು ವಹಿವಾಟು ಎಷ್ಟೇ ಇದ್ದರೂ ಜಿಎಸ್‌ಟಿ ನೋಂದಣಿ ಕಡ್ಡಾಯವಾಗಿತ್ತು. 2023ರ ಅಕ್ಟೋಬರ್ 1ರಿಂದ, ವಾರ್ಷಿಕ ವಹಿವಾಟು ನೋಂದಣಿಯ ಮಿತಿಯೊಳಗಿರುವ ಸಣ್ಣ ವ್ಯಾಪಾರಿಗಳು ಆ ನೋಂದಣಿಯಿಲ್ಲದೆ, ಜಿಎಸ್‌ಟಿ ಪೋರ್ಟಲಿನಲ್ಲಿ ಎನ್‌ರೋಲ್‌ಮೆಂಟ್ ಸಂಖ್ಯೆ ಮಾತ್ರ ಪಡೆದು ಮಾರಬಹುದು, ಆದರೆ ತಮ್ಮ ರಾಜ್ಯದ ಒಳಗೆ ಮಾತ್ರ. ನಮ್ಮ ಆರ್ಡರುಗಳಲ್ಲಿ ಬಹುಪಾಲು ಆಂಧ್ರ, ತೆಲಂಗಾಣ, ಮಹಾರಾಷ್ಟ್ರಗಳಿಂದ ಬರುವುದರಿಂದ ಆ ರಿಯಾಯಿತಿ ನಮಗೆ ಉಪಯೋಗಕ್ಕೆ ಬರಲಿಲ್ಲ. ತಾಣಗಳು ಮೂಲದಲ್ಲೇ ಹಿಡಿಯುವ ಜಿಎಸ್‌ಟಿ 2024ರ ಜುಲೈಯಲ್ಲಿ ಶೇ 1ರಿಂದ ಶೇ 0.5ಕ್ಕೆ, ಆದಾಯ ತೆರಿಗೆಯ ಕಡಿತ ಅದೇ ವರ್ಷದ ಅಕ್ಟೋಬರಿನಲ್ಲಿ ಶೇ 1ರಿಂದ ಶೇ 0.1ಕ್ಕೆ ಇಳಿದದ್ದರಿಂದ ಕೈಯಲ್ಲಿ ಓಡಾಡುವ ಹಣ ಹೆಚ್ಚಿತು.

ಹೊಸಬರ ಪೈಪೋಟಿಗೆ ಹಳಬರು ತಡವಾಗಿಯಾದರೂ ಉತ್ತರ ಕೊಟ್ಟರು. ಫ್ಲಿಪ್‌ಕಾರ್ಟ್ 2021ರಲ್ಲೇ ಅಗ್ಗದ ಸರಕಿಗಾಗಿ ಶಾಪ್ಸಿ ಎಂಬ ಬೇರೆ ಆ್ಯಪನ್ನು ಆರಂಭಿಸಿತು. ಅಮೆಜಾನ್ 2025ರ ಏಪ್ರಿಲಿನಲ್ಲಿ ₹300ಕ್ಕಿಂತ ಕಡಿಮೆ ಬೆಲೆಯ ವಸ್ತುಗಳಿಗೆ ತನ್ನ ರೆಫರಲ್ ಶುಲ್ಕವನ್ನು, ಅಂದರೆ ಕಮಿಷನ್ನನ್ನು, ತೆಗೆಯಿತು. ಅದೇ ವರ್ಷದ ನವೆಂಬರಿನಲ್ಲಿ ಫ್ಲಿಪ್‌ಕಾರ್ಟ್ ₹1,000ದ ಒಳಗಿನ ವಸ್ತುಗಳಿಗೆ ಕಮಿಷನ್ ಬಿಡುವುದಾಗಿ ಹೇಳಿತು. ಇವು ಔದಾರ್ಯವಲ್ಲ, ಮಾರಾಟಗಾರರು ಬೇರೆ ಕಡೆಗೆ ಹೋಗುತ್ತಿದ್ದುದರ ಪರಿಣಾಮ. ಹಾಗೆಂದು ಸಾಗಣೆಯ ಖರ್ಚಾಗಲಿ, ಹುಡುಕಾಟದಲ್ಲಿ ಮೇಲೆ ಕಾಣಿಸಲು ಕೊಡುವ ಜಾಹೀರಾತಿನ ಹಣವಾಗಲಿ ಹೋಗಿಲ್ಲ. ದಸರಾ ಸಮಯದ ದೊಡ್ಡ ಮಾರಾಟಗಳಲ್ಲಿ ರಿಯಾಯಿತಿಯ ಹೊರೆ ಯಾರದೆಂದು ಓದಿ ನೋಡಿ, ಲಂಗದ ಪೊಟ್ಟಣಗಳನ್ನು ಮಾತ್ರ ಸೇರಿಸುತ್ತೇನೆ. ನೇಕಾರರಿಗೆ ಮೊದಲೇ ಹಣ ಕೊಟ್ಟು ತಂದ ಕಂಬಳಿಯನ್ನು ಸೇರಿಸುವುದಿಲ್ಲ.

ಶುಲ್ಕಪಟ್ಟಿ ಬದಲಾದ ಸೂಚನೆ ಬಂದಾಗಲೆಲ್ಲ ಪ್ರತಿ ವಸ್ತುವಿನ ಲೆಕ್ಕವನ್ನು ಮೂರೂ ತಾಣಗಳಿಗೆ ಹೊಸದಾಗಿ ಹಾಕುತ್ತೇವೆ. ಅಮೆಜಾನಿನ ರೆಫರಲ್ ಶುಲ್ಕ ಹೋದಾಗ ಹಾಗೆ ಲೆಕ್ಕ ಹಾಕಿ ನೋಡಿಯೇ, ಮೀಶೋದಲ್ಲಿ ಮಾತ್ರ ಮಾರುತ್ತಿದ್ದ ₹280ರ ಪಂಚೆಯನ್ನು ಮತ್ತೆ ಅಮೆಜಾನಿಗೂ ಹಾಕಿದೆವು.