ಪಾದದ ಬಲ ಅಳೆಯುವ ಮುನ್ನ ರೋಗಿಯ ಭಂಗಿಯನ್ನು ಗಮನಿಸಿ

ಚಿಂತಾಮಣಿ, ಶಿಡ್ಲಘಟ್ಟ ಸೀಮೆಯಲ್ಲಿ ಗಂಟೆಗಟ್ಟಲೆ ಕುಕ್ಕರಗಾಲಿನಲ್ಲಿ ಕುಳಿತು ಕಳೆ ಕೀಳುವವರಿಗೆ ಒಮ್ಮೊಮ್ಮೆ ಪಾದ ಮೇಲಕ್ಕೆತ್ತಲು ಆಗದೆ ಬೆರಳು ನೆಲಕ್ಕೆ ಒರೆಸುವ ತೊಂದರೆ ಕಾಣಿಸಿಕೊಳ್ಳುತ್ತದೆ. ಮಂಡಿಯ ಹೊರಬದಿಯಲ್ಲಿ, ಚರ್ಮದ ತೀರ ಹತ್ತಿರದಲ್ಲೇ ಮೂಳೆಯನ್ನು ಬಳಸಿ ಹೋಗುವ ಪೆರೋನಿಯಲ್ ನರವು ಬಹಳ ಹೊತ್ತು ಮಡಿಸಿದ ಕಾಲಿನಲ್ಲಿ ಒತ್ತಿಗೆ ಸಿಕ್ಕಿಕೊಳ್ಳುವುದು ಇದಕ್ಕೆ ಒಂದು ಕಾರಣ. ಇಂಥ ರೋಗಿಯ ಪಾದದ ಬಲವನ್ನು ಇಬ್ಬರು ಪರೀಕ್ಷಿಸಿ ಎರಡು ಬೇರೆ ಅಂಕ ಕೊಟ್ಟಾಗ ಮನೆಯವರು ಗೊಂದಲಕ್ಕೆ ಬೀಳುತ್ತಾರೆ. ಎಷ್ಟೋ ಸಲ ಕಾಲಿನ ಬಲ ಬದಲಾಗಿರುವುದಿಲ್ಲ, ಒಬ್ಬರು ಕೂರಿಸಿ, ಇನ್ನೊಬ್ಬರು ಮಲಗಿಸಿ ನೋಡಿರುತ್ತಾರೆ. ಫಿಸಿಯೋಥೆರಪಿ ಕಲಿಯುತ್ತಿರುವವರಿಗೂ ರೋಗಿಯನ್ನು ನೋಡಿಕೊಳ್ಳುವ ಮನೆಯವರಿಗೂ ಉಪಯೋಗವಾಗಲೆಂದು ಸರಿಯಾದ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಅಂಕದ ಅರ್ಥ ತಿಳಿದಿರಬೇಕು. ಕೈಯಿಂದ ಮಾಡುವ ಪರೀಕ್ಷೆಯಲ್ಲಿ 0 ಎಂದರೆ ಸ್ನಾಯು ಮಿಸುಕುವುದೇ ಇಲ್ಲ. 1 ಎಂದರೆ ಬೆರಳಿಗೆ ಬಿಗಿತ ತಿಳಿಯುತ್ತದೆ, ಆದರೆ ಕೀಲು ಕದಲುವುದಿಲ್ಲ. 2 ಎಂದರೆ ಗುರುತ್ವದ ಅಡ್ಡಿ ಇಲ್ಲದಂತೆ ಮಲಗಿಸಿದಾಗ ಮಾತ್ರ ಪೂರ್ತಿ ಚಲನೆ. 3 ಎಂದರೆ ಗುರುತ್ವಕ್ಕೆ ಎದುರಾಗಿ ಪೂರ್ತಿ ಚಲನೆ. ಪರೀಕ್ಷಕರು ಕೊಡುವ ಒತ್ತಡವನ್ನು ಎಷ್ಟರ ಮಟ್ಟಿಗೆ ತಡೆಯುತ್ತಾರೆ ಎಂಬುದರ ಮೇಲೆ 4 ಮತ್ತು 5 ನಿಲ್ಲುತ್ತವೆ. ಅಂದರೆ ಭಂಗಿ ತಪ್ಪಿದರೆ ಅಂಕವೂ ತಪ್ಪಿತು. ಕಾಲು ಇಳಿಬಿಟ್ಟು ಕುಳಿತವರು ಪಾದವನ್ನು ಮೇಲಕ್ಕೆ ಎತ್ತುವುದು ಗುರುತ್ವಕ್ಕೆ ಎದುರಾದ ಕೆಲಸ, ಆದರೆ ಅದೇ ಭಂಗಿಯಲ್ಲಿ ಪಾದವನ್ನು ಕೆಳಕ್ಕೆ ಚಾಚುವಾಗ ಗುರುತ್ವವೇ ಕೈ ಜೋಡಿಸುತ್ತದೆ. ಈ ಎರಡೂ ಚಲನೆಗಳನ್ನು ಗುರುತ್ವದ ಅಡ್ಡಿಯಿಲ್ಲದೆ ನೋಡಬೇಕಾದರೆ ರೋಗಿಯನ್ನು ಮಗ್ಗುಲಾಗಿ ಮಲಗಿಸಬೇಕು.

ಬಲ ನೋಡುವ ಮೊದಲು ರೋಗಿಯ ಪಾದವನ್ನು ನೀವೇ ಹಿಡಿದು ಎಲ್ಲ ದಿಕ್ಕಿಗೂ ನಿಧಾನವಾಗಿ ತಿರುಗಿಸಿ ನೋಡಿ. ಬಾಗೇಪಲ್ಲಿ, ಪಾವಗಡ ಕಡೆಯಂತೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳಲ್ಲಿ ಮೂಳೆ, ಕೀಲುಗಳು ಬಿಗಿದುಕೊಂಡ ವಯಸ್ಸಾದವರು ಸಿಗುತ್ತಾರೆ. ಕೀಲಿನ ಬಿಗಿತವನ್ನು ಸ್ನಾಯುವಿನ ಬಲಹೀನತೆ ಎಂದು ಎಣಿಸಿದರೆ ಅದು ರೋಗಿಗೆ ಮಾಡುವ ಅನ್ಯಾಯ. ಕೀಲು ಎಷ್ಟು ಬಾಗುತ್ತದೋ ಅಷ್ಟರೊಳಗೆ ಬಲವನ್ನು ಅಳೆದು, ಬಿಗಿತವನ್ನು ಬೇರೆಯಾಗಿ ಬರೆಯಬೇಕು.

ಮೀನಖಂಡದ ಪರೀಕ್ಷೆಗೆ ಹೆಚ್ಚು ಸಮಯ ಕೊಡಿ. ಇಲ್ಲಿ ಮುಖ್ಯವಾಗಿ ಎರಡು ಸ್ನಾಯುಗಳಿವೆ. ಮೇಲುಗಡೆಯ ಗ್ಯಾಸ್ಟ್ರೋಕ್ನೀಮಿಯಸ್ ತೊಡೆಮೂಳೆಯ ಕೆಳತುದಿಯಿಂದ ಹೊರಟು ಮಂಡಿಯನ್ನೂ ಪಾದದ ಕೀಲನ್ನೂ ದಾಟಿ ಹಿಮ್ಮಡಿಗೆ ಸೇರುತ್ತದೆ. ಅದರ ಅಡಿಯಲ್ಲಿರುವ ಸೋಲಿಯಸ್ ಮಂಡಿಯನ್ನು ದಾಟುವುದಿಲ್ಲ. ಆದ್ದರಿಂದ ಮಂಡಿ ಮಡಿಸಿದೊಡನೆ ಗ್ಯಾಸ್ಟ್ರೋಕ್ನೀಮಿಯಸ್ ಸಡಿಲಾಗಿ ತನ್ನ ಬಲದ ಬಹುಪಾಲನ್ನು ಕಳೆದುಕೊಳ್ಳುತ್ತದೆ, ಕೆಲಸವೆಲ್ಲ ಸೋಲಿಯಸ್ ಮೇಲೆ ಬೀಳುತ್ತದೆ. ಮಂಡಿ ನೇರವಾಗಿಟ್ಟು ಒಮ್ಮೆ, ಬೋರಲು ಮಲಗಿಸಿ ಮಂಡಿ ಮಡಿಸಿ ಇನ್ನೊಮ್ಮೆ ನೋಡಿದರೆ ಮಾತ್ರ ಎರಡರ ಸ್ಥಿತಿಯೂ ತಿಳಿಯುತ್ತದೆ.

ಆದರೆ ಈ ಸ್ನಾಯುಗಳು ಇಡೀ ದೇಹದ ಭಾರ ಹೊರುವಂಥವು. ನಮ್ಮ ಕೈಯ ಒತ್ತಡ ಅವುಗಳಿಗೆ ಸಾಟಿಯೇ ಅಲ್ಲ. ಹಾಗಾಗಿ ನಿಲ್ಲಬಲ್ಲವರನ್ನು ಒಂಟಿ ಕಾಲಿನ ಮೇಲೆ ನಿಲ್ಲಿಸಿ, ಆಯ ತಪ್ಪದಂತೆ ಗೋಡೆಗೆ ಬೆರಳ ತುದಿಯನ್ನಷ್ಟೇ ತಾಗಿಸಲು ಹೇಳಿ, ಹಿಮ್ಮಡಿಯನ್ನು ಪೂರ್ತಿ ಎತ್ತಿ ಇಳಿಸಲು ಹೇಳಬೇಕು. ಹೀಗೆ 25 ಸಲ ಸರಿಯಾಗಿ ಎತ್ತಿದರೆ ಪೂರ್ಣ ಬಲವಿದೆ ಎಂದು ಸಾಮಾನ್ಯವಾಗಿ ಪರಿಗಣಿಸುತ್ತಾರೆ. ಎಣಿಕೆಗಿಂತ ಕಣ್ಣು ಮುಖ್ಯ: ದಣಿದಾಗ ಮಂಡಿ ಸ್ವಲ್ಪ ಬಾಗುತ್ತದೆ, ಮೈ ಗೋಡೆಯ ಕಡೆಗೆ ವಾಲುತ್ತದೆ, ಬೆರಳ ತುದಿಯ ಬದಲು ಅಂಗೈ ಗೋಡೆಯನ್ನು ಒತ್ತುತ್ತದೆ, ಹಿಮ್ಮಡಿ ಅರ್ಧಕ್ಕೇ ನಿಲ್ಲುತ್ತದೆ. ಅಂಥ ಎತ್ತುವಿಕೆಯನ್ನು ಲೆಕ್ಕಕ್ಕೆ ಹಿಡಿಯಬಾರದು. ಆಯ ತಪ್ಪುವ ವಯಸ್ಸಾದವರನ್ನು ಒಂಟಿ ಕಾಲಿನಲ್ಲಿ ನಿಲ್ಲಿಸಬೇಡಿ. ಹಿಮ್ಮಡಿಯ ಹಿಂದೆ ಫಟ್ಟೆಂದು ಸದ್ದಾಗಿ ನೋವು ಬಂದವರಿಗೂ, ಮೀನಖಂಡ ಊದಿಕೊಂಡವರಿಗೂ ಈ ಪರೀಕ್ಷೆ ಬೇಡ, ಅವರನ್ನು ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಪಾದವನ್ನು ಮೇಲಕ್ಕೆತ್ತುವ ಟಿಬಿಯಾಲಿಸ್ ಆಂಟೀರಿಯರ್ ಸ್ನಾಯುವನ್ನು ನೋಡಲು ರೋಗಿಯನ್ನು ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಿಸಿ. ಮಂಡಿ ನೇರವಾಗಿದ್ದರೆ ಹಿಂದಿನ ಬಿಗಿಯಾದ ಮೀನಖಂಡವೇ ಪಾದವನ್ನು ಹಿಡಿದೆಳೆಯುತ್ತದೆ. ಒಂದು ಕೈಯಲ್ಲಿ ಕಣಕಾಲನ್ನು ಹಿಡಿದು, ಪಾದವನ್ನು ಮೇಲಕ್ಕೂ ಒಳಕ್ಕೂ ಎತ್ತಿ ಹಿಡಿಯಲು ಹೇಳಿ, ಇನ್ನೊಂದು ಕೈಯಿಂದ ಪಾದದ ಮೇಲ್ಭಾಗದ ಒಳಬದಿಯನ್ನು ಕೆಳಕ್ಕೂ ಹೊರಕ್ಕೂ ಒತ್ತಿ. ಆಗ ಹೆಬ್ಬೆರಳು ಸೆಟೆದು ಮೇಲೇಳುತ್ತಿದ್ದರೆ ಬೆರಳೆತ್ತುವ ಸ್ನಾಯು ಸಹಾಯಕ್ಕೆ ಬಂದಿದೆ ಎಂದರ್ಥ; ಬೆರಳು ಸಡಿಲ ಬಿಡಿಸಿ ಮತ್ತೆ ನೋಡಿ. ಹೆಬ್ಬೆರಳನ್ನು ಪ್ರತ್ಯೇಕವಾಗಿಯೂ ಪರೀಕ್ಷಿಸಬೇಕು, ಏಕೆಂದರೆ ಸೊಂಟದ ಐದನೆಯ ನರದ ಬೇರು ಒತ್ತಿಹೋದಾಗ ಬಲ ಕುಂದುವುದು ಹೆಚ್ಚಾಗಿ ಅಲ್ಲಿ.

ಪಾದವನ್ನು ಹೊರಕ್ಕೆ ತಿರುಗಿಸುವ ಬಲ ನೋಡಲು ಪರೀಕ್ಷಿಸುವ ಕಾಲು ಮೇಲಿರುವಂತೆ, ಒಳಕ್ಕೆ ತಿರುಗಿಸುವ ಬಲ ನೋಡಲು ಅದೇ ಕಾಲು ಕೆಳಗಿರುವಂತೆ ಮಗ್ಗುಲಾಗಿ ಮಲಗಿಸಿ, ಪಾದವನ್ನು ಮಂಚದ ಅಂಚಿನಿಂದ ಆಚೆಗಿಡಿ. ಅಂಗಾತ ಮಲಗಿಸಿದರೆ ಈ ಎರಡು ಚಲನೆಗಳಿಗೆ ಗುರುತ್ವ ಅಡ್ಡಬರುವುದಿಲ್ಲ. ಕಣಕಾಲನ್ನು ಭದ್ರವಾಗಿ ಹಿಡಿಯದಿದ್ದರೆ ರೋಗಿಯು ತೊಡೆಯಿಂದಲೇ ಕಾಲು ಹೊರಳಿಸಿಬಿಡುತ್ತಾರೆ, ಪಾದವೇ ತಿರುಗಿತೆಂದು ನಮಗೆ ತೋರುತ್ತದೆ.

ಸ್ನಾಯುವಿನ ಬಲವನ್ನು ಸಂಖ್ಯೆಯಲ್ಲಿ ತೋರಿಸುವ ಡೈನಮೋಮೀಟರ್ ಎಂಬ ಉಪಕರಣ ಬಳಸಿದರೂ ಭಂಗಿಯ ಪ್ರಶ್ನೆ ತಪ್ಪುವುದಿಲ್ಲ. ಉಪಕರಣವನ್ನು ಕೀಲಿನಿಂದ ದೂರಕ್ಕೆ ಸರಿಸಿದಷ್ಟೂ ಅದೇ ಬಲಕ್ಕೆ ಕಡಿಮೆ ಸಂಖ್ಯೆ ಬರುತ್ತದೆ, ಹಿಡಿದವರ ಕೈ ಸೋತರೆ ಅವರ ಕೈಯ ಮಿತಿಯೇ ದಾಖಲಾಗುತ್ತದೆ. ಆದಕಾರಣ ಅಂಕದ ಪಕ್ಕದಲ್ಲಿ ಕುಳಿತೋ ಮಲಗಿಯೋ ನಿಂತೋ, ಮಂಡಿ ನೇರವೋ ಮಡಿಚಿತ್ತೋ, ಒತ್ತಿದ್ದು ಎಲ್ಲಿ ಎಂಬುದನ್ನು ಒಂದು ಸಾಲಿನಲ್ಲಿ ಬರೆದಿಡಿ, ಮುಂದಿನ ಸಲವೂ ಅದನ್ನೇ ಅನುಸರಿಸಿ. ಬೆನ್ನು ಬಿಗಿದು ಬೋರಲು ಮಲಗಲಾಗದೆ ಮಗ್ಗುಲಲ್ಲೇ ಪರೀಕ್ಷಿಸಿಕೊಂಡವರು ಮುಂದೊಂದು ದಿನ ಬೋರಲು ಮಲಗುವಂತಾದರೆ, ಅಂದು ಎರಡೂ ಭಂಗಿಗಳಲ್ಲಿ ಪರೀಕ್ಷಿಸಿ ಎರಡು ಅಂಕಗಳನ್ನೂ ಬರೆದುಕೊಂಡರೆ ಹಳೆಯ ದಾಖಲೆಯನ್ನು ಹೊಸದರೊಡನೆ ಹೋಲಿಸಲು ಬರುತ್ತದೆ.